ಹಾವಿನ ಮೇಲೆ ನನ್ನ ತೀರ್ಪು

ಪುರಾಣದ ವೀರರಿಗೆ ಬಿಲ್ಲು, ಗದೆ ಇದ್ದವು. ನನಗೆ ಒಂದು ಊರುಗೋಲು ಮತ್ತು ಹಾವಿನ ಜ್ಞಾನ! ಗುಡ್ಡದ ಕಾಲುದಾರಿಯಲ್ಲಿ ನಾನು ಕೋಲೆತ್ತಿ "ನಿಲ್ಲಿ!" ಎಂದರೆ ಗಾಳಿಯೂ ನಿಲ್ಲಬೇಕು. ತಲೆ ತ್ರಿಕೋನವೇ, ಬಾಲ ಮೊಂಡೇ, ಮೈಮೇಲೆ ಪಟ್ಟೆಯೇ, ಸರಪಳಿಯೇ? ಅಷ್ಟು ನೋಡಿದರೆ ಸಾಕು, ವಿಷದ್ದೋ ಅಲ್ಲವೋ ಎಂದು ದೂರದಿಂದಲೇ ಸಾರಿಬಿಡುವ ಗಂಡು ನಾನು!

ಈವರೆಗೆ ನಾನು ಸಾರಿದ ಮಂಡಲದ ಹಾವು ಮರದ ಬೇರಾಗಿತ್ತು. ಕಟ್ಟುಹಾವು ಸೈಕಲ್ ಟ್ಯೂಬಾಗಿತ್ತು.

"ಬೇರಿಗೂ ವಿಷ ತುಂಬೋ ಶಕ್ತಿ ನಿಮ್ಮೊಬ್ಬರಿಗೇ ರೀ," ಎಂದು ಹೆಂಡತಿ ನಕ್ಕಳು. ನಾದಿನಿ ಅದನ್ನು ಬಂಧುಬಳಗಕ್ಕೆಲ್ಲ ಹಂಚಿದಳು. ಇನ್ನು ಕಂಡದ್ದಕ್ಕೆಲ್ಲ ಬೆದರಿ ಕೋಲೆತ್ತುವುದಿಲ್ಲ ಎಂದು ಅಂದೇ ಶಪಥ ಮಾಡಿದೆ.

ಮೊನ್ನೆ ತಿರುವಿನಲ್ಲಿ ಕಂದು ಬಣ್ಣದ್ದೇನೋ ದಾರಿಗೆ ಅಡ್ಡ ಬಿದ್ದಿತ್ತು. ಹೆಂಡತಿ ನಿಂತಳು.

"ರೀ, ಅದೇನು? ಸರಿಯಾಗಿ ನೋಡಿ ಹೇಳಿ."

ಕನ್ನಡಕ ಏರಿಸಿದೆ. ಗಂಟಲು ಸರಿಮಾಡಿಕೊಂಡೆ. ನ್ಯಾಯಾಧೀಶನ ಗಾಂಭೀರ್ಯದಿಂದ ತೀರ್ಪಿತ್ತೆ. ಅವಳು ನಂಬಿ ಹೆಜ್ಜೆಯಿಟ್ಟಳು.

"ಅಮ್ಮಾ!"

ಹುಲ್ಲಿನಲ್ಲಿ ಏನೋ ಸರಸರನೆ ಸರಿದುಹೋಯಿತು. ಅವಳ ಪಾದದ ಮೇಲೆ ಎರಡು ಕೆಂಪು ಚುಕ್ಕೆ. ನನ್ನ ಜ್ಞಾನವೆಲ್ಲ ಬೆವರಾಗಿ ಹರಿಯಿತು.

"ಕಾಲು ಅಲ್ಲಾಡಿಸಬೇಡ ಕಣೇ!"

"ನಿಮ್ಮ ಕೈ ಅಲ್ಲಾಡ್ತಿದೆಯಲ್ಲ, ಮೊದಲು ಅದನ್ನ ಹಿಡ್ಕೊಳ್ಳಿ."

ನನ್ನ ದಿವ್ಯಾಸ್ತ್ರವಾದ ಕೋಲನ್ನೇ ಅವಳ ಕಾಲಿಗೆ ಆನಿಸಿ ಶಾಲಿನಿಂದ ಕಟ್ಟಿ, ದಾರಿಹೋಕರ ನೆರವಿನಿಂದ ಹೊತ್ತು ಆಸ್ಪತ್ರೆಗೆ ತಂದೆ.

ಡಾಕ್ಟರಮ್ಮ ಅವಳ ರಕ್ತವನ್ನು ಗಾಜಿನ ನಳಿಕೆಯಲ್ಲಿ ಹಾಕಿಟ್ಟರು. ಹೆಪ್ಪುಗಟ್ಟಿದರೆ ಒಳ್ಳೆಯದು, ನೀರಾಗಿಯೇ ಉಳಿದರೆ ವಿಷ ಏರಿದ ಹಾಗಂತೆ. ಆ ನಳಿಕೆಯನ್ನೇ ನೋಡುತ್ತ ಕೂತೆ. ಇವಳಿಲ್ಲದ ಮನೆಯಲ್ಲಿ ನನ್ನನ್ನು ನೋಡಿ ನಗುವವರು ಯಾರು? ಈ ಯೋಚನೆಗೆ ಮಾತ್ರ ನನ್ನಲ್ಲಿ ಯಾವ ದೊಡ್ಡ ಮಾತೂ ಇರಲಿಲ್ಲ.

ಡಾಕ್ಟರಮ್ಮ ನಳಿಕೆ ಓರೆ ಮಾಡಿದರು. ರಕ್ತ ಕದಲಲಿಲ್ಲ.

"ಹೆಪ್ಪುಗಟ್ಟಿದೆ. ಊತಾನೂ ಇಲ್ಲ. ಆದ್ರೂ ನಾಳೆವರೆಗೂ ಇಲ್ಲೇ ಇರ್ಲಿ. ಹಾವು ಯಾವುದು ಅಂತ ಯಾರಾದ್ರೂ ನೋಡಿದ್ರಾ?"

ಹೆಂಡತಿ ಮಲಗಿದಲ್ಲಿಂದಲೇ ನನ್ನತ್ತ ಕೈತೋರಿಸಿದಳು.

"ಇವರು ನೋಡಿದ್ದಾರೆ ಡಾಕ್ಟ್ರೇ. ಹಾವಿನ ವಿಷಯದಲ್ಲಿ ಇವರದೇ ಕೊನೇ ಮಾತು. ಹೇಳಿ ರೀ, ಏನಂತ ಗುರುತಿಸಿದ್ರಿ?"

ನರ್ಸ್ ಬರೆದುಕೊಳ್ಳಲು ಪೆನ್ನು ಹಿಡಿದು ನಿಂತರು. ವಾರ್ಡಿಗೆ ವಾರ್ಡೇ ನನ್ನತ್ತ ತಿರುಗಿತು.

"ಬೇರು," ಎಂದೆ.