ಗಾಳಿ ಭಾವನ ಪೆಟ್ಟಿಗೆ

ಮಡದಿ ತಮ್ಮ ಮಾತಿಗೆ ತಲೆಯಾಡಿಸುವುದಿಲ್ಲವೆಂದು ಕನ್ನಡಕದಂಗಡಿಯ ಯಜಮಾನರು ಎಂದೂ ಕೊರಗಿದವರಲ್ಲ. ಆಕೆಯ ಕುತ್ತಿಗೆಯ ಜಾಯಮಾನವೇ ಅಂಥದ್ದು ಎಂದು ಸಮಾಧಾನ ತಂದುಕೊಂಡಿದ್ದರು. ಆದರೆ ಅದೇ ಕುತ್ತಿಗೆ ಆಕೆಯ ಅಕ್ಕನ ಗಂಡ ಬಾಯಿ ತೆರೆದ ಕೂಡಲೇ ಗಡಿಯಾರದ ಲೋಲಕದಂತೆ ಆಡುವುದನ್ನು ಕಂಡಾಗ ಅವರ ಹೊಟ್ಟೆಯಲ್ಲಿ ಏಳುತ್ತಿದ್ದ ಹೊಗೆಯನ್ನು ಅಳೆಯುವ ಯಂತ್ರ ಇನ್ನೂ ಬಂದಿಲ್ಲ.

ಉಳಿದ ಹೊಗೆಯನ್ನೆಲ್ಲ ಅಳೆಯುವ ಯಂತ್ರವಂತೂ ಆ ಷಡ್ಡಕರ ಕೈಯಲ್ಲೇ ಇತ್ತು. ಊರಿನ ಗಾಳಿ ಎಷ್ಟು ಕೆಟ್ಟಿದೆಯೆಂದು ನೋಡುವ ಕಚೇರಿಯಲ್ಲಿ ಅವರಿಗೆ ಕೆಲಸ. (ಇದೊಂಥರಾ ಗಾಳಿಯಲ್ಲಿ ಗೋಪುರ ಕಟ್ಟಿ ಸಂಬಳ ತೆಗೆದುಕೊಳ್ಳುವ ಉದ್ಯೋಗ ಎಂಬುದು ಯಜಮಾನರ ಖಾಸಗಿ ಅಭಿಪ್ರಾಯ.) ಮಡದಿ ಅವರನ್ನು ಭಾವ ಎನ್ನುತ್ತಿದ್ದಳು. ಯಜಮಾನರು ಮನಸ್ಸಿನಲ್ಲೇ ‘ಗಾಳಿ ಭಾವ’ ಎಂದು ನಾಮಕರಣ ಮಾಡಿದ್ದರು.

ಆ ಚಳಿಗಾಲ ಮಡದಿಗೆ ಮೇಲಿಂದ ಮೇಲೆ ಎದೆ ಕಟ್ಟಿ ಜ್ವರ ಬಂತು. ಮನೆಯ ಎದುರೇ ಬಸ್ ಡಿಪೋ. ನೋಡಲು ಬಂದ ಭಾವ ಗಾಳಿಯ ಕೊಳೆ ಅಳೆಯುವ ಅಂಗೈಯಗಲದ ಪೆಟ್ಟಿಗೆಯೊಂದನ್ನು ಮೇಜಿನ ಮೇಲಿಟ್ಟರು. ಅದರ ಮುಖದಲ್ಲಿ ನೂರ ನಲವತ್ತು ಎಂದು ಕೆಂಪಗೆ ಮೂಡಿತು. ಆಮೇಲೆ ಯಜಮಾನರದೇ ಕುರ್ಚಿಯಲ್ಲಿ ಕೂತು ಪ್ರವಚನ ಶುರು. ಉಸಿರಿನ ದಾರಿಯುದ್ದಕ್ಕೂ ಕಣ್ಣಿಗೆ ಕಾಣದ ರೋಮಗಳ ಕಾವಲಿದೆಯಂತೆ. ಬಂದ ರೋಗಾಣುಗಳನ್ನು ಗುಡಿಸಿ ಆಚೆ ಹಾಕುವುದು ಅವುಗಳ ಕೆಲಸವಂತೆ. ಹೊಗೆಯ ಸಣ್ಣ ದೂಳು ದಿನವೂ ಬಿದ್ದು ಬಿದ್ದು ಆ ಕಾವಲುಗಾರರು ಸುಸ್ತಾಗಿ ಮಲಗಿಬಿಡುತ್ತಾರಂತೆ. ಆಗ ಯಾರದೋ ಮನೆಯ ನೆಗಡಿಯೂ ಒಳಗೆ ಬಂದು ಚಾಪೆ ಹಾಸಿ ಕೂರುತ್ತದೆ.

“ಹೊಗೆ ಬಾಗಿಲು ತೆಗೆಯುತ್ತೆ, ರೋಗ ಒಳಗೆ ಬರುತ್ತೆ. ಅಷ್ಟೇ,” ಎಂದರು ಭಾವ.

“ಎಷ್ಟು ಬಿಡಿಸಿ ಹೇಳ್ತೀರಿ ಭಾವ,” ಎಂದಳು ಮಡದಿ. ಲೋಲಕ ಆಡಿತು.

ಇದೇ ಶಾಸ್ತ್ರವನ್ನು ಯಜಮಾನರು ಹೋದ ವರ್ಷವೇ ‘ಕಿಟಕಿ ಹಾಕೇ, ಹೊಗೆ ಬರುತ್ತೆ’ ಎಂದು ಸೂತ್ರರೂಪದಲ್ಲಿ ಹೇಳಿದ್ದರು. ಆಗ ಸಿಕ್ಕ ಉತ್ತರ, ‘ನಿಮಗೆ ಕೈ ಇಲ್ವಾ?’

ಭಾವನ ಮನೆ ಊರಾಚೆಯ ಗುಡ್ಡದ ಮೇಲೆ. ಅಲ್ಲಿ ಅಂಕಿ ಬರೀ ನಲವತ್ತಂತೆ. ಚಳಿಗಾಲ ಕಳೆಯುವವರೆಗೂ ಆಕೆ ಅಲ್ಲೇ ಅಕ್ಕನ ಜೊತೆಗಿರಲಿ ಎಂದು ಭಾವ ಅಪ್ಪಣೆ ಕೊಡಿಸಿದರು. ಮಡದಿಯ ಕಣ್ಣು ಆಗಲೇ ಅಟ್ಟದ ಮೇಲಿನ ಸೂಟ್‌ಕೇಸಿನತ್ತ ಹೊರಳಿತು. ಅಲ್ಲಿ ಮೂರು ಹೊತ್ತೂ ಭಾವನ ಪ್ರವಚನ, ಇವಳ ತಲೆಯಾಟ. ಇಲ್ಲಿ ತಾವೊಬ್ಬರೇ ತಣ್ಣಗಾದ ಊಟದ ಮುಂದೆ. ಯಜಮಾನರಿಗೆ ತಡೆಯಲಾಗಲಿಲ್ಲ.

“ಬರೋ ಭಾನುವಾರದೊಳಗೆ ಈ ಮನೆ ಅಂಕಿಯನ್ನ ನಿಮ್ಮ ಮನೆಗಿಂತ ಕೆಳಗೆ ಇಳಿಸ್ತೀನಿ. ಇಳಿದರೆ ಇವಳು ಇಲ್ಲೇ ಇರ್ತಾಳೆ,” ಎಂದುಬಿಟ್ಟರು.

ಭಾವ ನಕ್ಕರು. ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೋದರು.

ವಾಯುಸಮರ ಆರಂಭವಾಯಿತು. ಕಿಟಕಿಯ ಸಂದುಗಳಿಗೆಲ್ಲ ಅಂಟುಪಟ್ಟಿ ಬಿತ್ತು. ಬಾಗಿಲಿಗೆ ಒದ್ದೆ ಹೊದಿಕೆ ಜೋತುಬಿತ್ತು. ಕರಿಯುವುದು, ಹುರಿಯುವುದು ನಿಷಿದ್ಧವಾಯಿತು; ಸೊಳ್ಳೆಬತ್ತಿ ಗಡೀಪಾರಾಯಿತು (ಸೊಳ್ಳೆಗಳು ವಿಜಯೋತ್ಸವ ಆಚರಿಸಿದವು). ಅಂಕಿ ಎಂಬತ್ತಕ್ಕೆ ಇಳಿದು ಅಲ್ಲೇ ಕಾಲೂರಿ ನಿಂತಿತು. ಸರಿ, ಶತ್ರುವನ್ನು ಅವನ ಕೋಟೆಯಲ್ಲೇ ಎದುರಿಸಬೇಕೆಂದು ಯಜಮಾನರು ಅಂಗಡಿಗೆ ಹೋಗುವ ಮುನ್ನ, ಬಂದ ಮೇಲೆ, ಡಿಪೋ ಬಾಗಿಲಿಗೆ ಹೋಗತೊಡಗಿದರು. ಪೈಪು ಹಿಡಿದು ದೂಳಿಗೆ ನೀರು ಬಿಟ್ಟರು. ಸುಮ್ಮನೆ ಗುರುಗುಟ್ಟುತ್ತ ನಿಂತ ಬಸ್ಸುಗಳ ಚಾಲಕರಿಗೆ ಇಂಜಿನ್ ಆರಿಸಿ ಎಂದು ಕೈಮುಗಿದರು.

“ಆರಿಸಿದರೆ ಮತ್ತೆ ಹತ್ತಲ್ಲ ಅಣ್ಣ. ನೀವು ತಳ್ತೀರಾ?” ಎಂದ ಒಬ್ಬ.

ಯಜಮಾನರು ತಳ್ಳಿದರು. ಬಸ್ಸು ತಳ್ಳುವವನ ಮೂಗು ಎಲ್ಲಿರುತ್ತದೆ, ಬಸ್ಸಿನ ಹೊಗೆಕೊಳವೆ ಎಲ್ಲಿರುತ್ತದೆ ಎಂಬ ಕ್ಷೇತ್ರಗಣಿತ ಅವರಿಗೆ ಆಗ ಹೊಳೆಯಲಿಲ್ಲ. ಪಕ್ಕದಲ್ಲಿ ಹೆಗಲು ಕೊಟ್ಟ ಕಂಡಕ್ಟರು ಹೆಜ್ಜೆಗೊಂದು ಸೀನು ಸೀನುತ್ತಿದ್ದುದೂ ಲಕ್ಷ್ಯಕ್ಕೆ ಬರಲಿಲ್ಲ. ಗಂಟಲು ಕಟ್ಟಿದೆಯಲ್ಲ, ಸಾಕು ಒಳಗೆ ಬನ್ನಿ ಎಂದು ಮಡದಿ ಕರೆದರೆ, ಮೊದಲು ಬಾಗಿಲು ಹಾಕು, ಅಂಕಿ ಏರುತ್ತೆ ಎಂದು ಗದರಿದರು.

ಭಾನುವಾರ ಭಾವ ಬಂದರು. ಚಳಿಯಿಂದ ಒಳಗೆ ಕಾಲಿಟ್ಟದ್ದೇ ಆ ಬಿಸಿ, ಆ ತೇವಕ್ಕೆ ಅವರ ಕನ್ನಡಕಕ್ಕೆ ಮಂಜು ಕವಿಯಿತು. ಮಸುಕಾದ ಗಾಜು ಕಂಡರೆ ಯಜಮಾನರ ಕೈ ಸುಮ್ಮನಿರುವುದಿಲ್ಲ. ಅಂಗಡಿಯಲ್ಲಿ ಮಾಡುವ ಹಾಗೆಯೇ ಕನ್ನಡಕವನ್ನು ಭಾವನ ಮೂಗಿನಿಂದ ತೆಗೆದು, ಎರಡೂ ಗಾಜಿಗೆ ‘ಹಾ’ ‘ಹಾ’ ಎಂದು ಧಾರಾಳವಾಗಿ ಉಸಿರೂದಿ, ಜೇಬಿನ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಮೂಗಿನ ಮೇಲೆ ಕೂರಿಸಿದರು. ಈಗ ಓದಿ ಎಂದರು.

ಮೂವತ್ತಾರು.

ಮಡದಿ ಗಂಡನ ಕಡೆ ತಿರುಗಿದಳು. ಆ ಕುತ್ತಿಗೆ, ಮದುವೆಯಾದಂದಿನಿಂದ ಮೊದಲ ಬಾರಿಗೆ, ಅವರಿಗಾಗಿ ಆಡಿತು. ವಿಜಯಭಾಷಣಕ್ಕೆಂದು ಯಜಮಾನರು ಬಾಯಿ ತೆರೆದರು. ಬಂದದ್ದು ಕೆಮ್ಮು. ಬಂದದ್ದು ನಿಲ್ಲಲಿಲ್ಲ. ಭಾವ ಅವರ ಹಣೆ ಮುಟ್ಟಿ ಕೈ ಹಿಂದೆಗೆದುಕೊಂಡರು.

“ನಿಮ್ಮ ಕಾವಲುಗಾರರನ್ನ ಡಿಪೋ ಮುಂದೆ ಮಲಗಿಸಿ ಬಂದಿದ್ದೀರಿ. ಕಿಟಕಿ ಬೇರೆ ಮುಚ್ಚಿದೆ, ಕೆಮ್ಮಿದ್ದೆಲ್ಲ ಒಳಗೇ ಸುತ್ತುತ್ತೆ. ಇವಳ ಎದೆಗೆ ಮತ್ತೆ ಹತ್ತಬಾರದು ಅಂದರೆ ಇಬ್ಬರಲ್ಲಿ ಒಬ್ಬರು ಇಲ್ಲಿಂದ ಹೊರಡಬೇಕು.”

“ನಾನು ಇಲ್ಲೇ ಇರ್ತೀನಿ ಅಂತ ಮಾತಾಗಿದೆಯಲ್ಲ,” ಎಂದಳು ಮಡದಿ. ಸೂಟ್‌ಕೇಸು ಅಟ್ಟದಿಂದ ಇಳಿಯಿತು. ತುಂಬಿದ್ದು ಯಜಮಾನರ ಬಟ್ಟೆ.

ಗುಡ್ಡದ ಮನೆಯಲ್ಲಿ ಯಜಮಾನರು ಎರಡು ದಿನ ಮಲಗಿರುವಷ್ಟರಲ್ಲಿ ಭಾವ ಸೀನಿದರು. ಕನ್ನಡಕಕ್ಕೆ ಊದಿದ ಉಸಿರು ವ್ಯರ್ಥವಾಗಿರಲಿಲ್ಲ. ಮಡದಿಯ ಅಕ್ಕ ಇಬ್ಬರು ರೋಗಿಗಳನ್ನೂ ಒಂದೇ ಕೋಣೆಗೆ ಹಾಕಿ, ಹೊತ್ತುಹೊತ್ತಿಗೆ ಬಾಗಿಲಾಚೆ ತಟ್ಟೆ ಇಡುವಂತೆ ಅಡುಗೆಯಾಕೆಗೆ ಹೇಳಿ, ತಂಗಿಯ ಶುದ್ಧ ಗಾಳಿಯ ಮನೆಗೆ ಹೊರಟುಹೋದಳು. ಭಾವನ ಜ್ವರ ತಮ್ಮದಕ್ಕಿಂತ ಒಂದು ಡಿಗ್ರಿ ಹೆಚ್ಚೆಂದು ತಿಳಿದು ಯಜಮಾನರಿಗೆ ಅದಕ್ಕೂ ಹೊಟ್ಟೆ ಉರಿಯಿತು. ಮೂರು ಹೊತ್ತೂ ಪ್ರವಚನ ನಡೆಯಿತು. ಕೇಳಲು ಇದ್ದದ್ದು ಒಂದೇ ತಲೆ. ಚಳಿಗೆ ಅದು ನಡುಗುತ್ತಿದ್ದುದನ್ನು ಭಾವ ಒಪ್ಪಿಗೆಯೆಂದೇ ತಿಳಿದು ಹುರುಪಿನಿಂದ ಮುಂದುವರಿದರು.

ಯಜಮಾನರು ಕದ್ದು ಮನೆಗೆ ಫೋನ್ ಮಾಡಿದರು. ಅಂಕಿ ಎಷ್ಟಿದೆ ಎಂದು ಕೇಳಿದರು. ಆ ಕಡೆ ಅಕ್ಕತಂಗಿಯರ ನಗು. ಬಾಣಲೆಯಲ್ಲಿ ಏನೋ ಚರ್ ಎಂದ ಸದ್ದು.

“ನೀವು ಹೋದಾಗಿನಿಂದ ಇಳೀತಾನೇ ಇದೆ ಕಣ್ರೀ,” ಎಂದಳು ಮಡದಿ. “ಅವಸರ ಮಾಡ್ಬೇಡಿ. ಚಳಿಗಾಲ ಮುಗೀಲಿ.”