ಯುದ್ಧವಿಮಾನದ ರಬ್ಬರ್ ಬುಷ್

ತಮ್ಮ: ಮೂವತ್ತಾರು ಯುದ್ಧವಿಮಾನ ಯಾತಕ್ಕೆ ಅಂತ ಕೇಳ್ತಿದ್ದೀನಿ ಭಾವ. ಪೇಪರ್ ಹಿಂದೆ ಅಡಗಿ ಕೂತ್ರೆ ಉತ್ತರ ಆಗಲ್ಲ.

ಭಾವ: ನನ್ನ ಕೇಳಿದ್ರೆ ಮೂವತ್ತಾರು ಸಾಲದು. ನೂರು ತಗೋಬೇಕಿತ್ತು.

ತಮ್ಮ: ಹೋದ ತಿಂಗಳು ಇದೇ ಕುರ್ಚಿಯಲ್ಲಿ ಕೂತು ನೀವೇ ಅಂದಿದ್ರಿ, 'ಆಸ್ಪತ್ರೆ ಲಿಫ್ಟ್ ರಿಪೇರಿ ಮಾಡ್ಸೋ ಯೋಗ್ಯತೆ ಇಲ್ಲ, ಇವರಿಗೆ ವಿಮಾನ ಬೇರೆ ಕೇಡು' ಅಂತ.

ಭಾವ: ಹೋದ ತಿಂಗಳು ನನಗೆ ದೇಶಭಕ್ತಿ ಕಡಿಮೆ ಇತ್ತು. ಈಗ ಜಾಸ್ತಿ ಆಗಿದೆ.

ಅಕ್ಕ: ಯಾವ ತಾರೀಖಿನಿಂದ ಅಂತಲೂ ಹೇಳಿಬಿಡಿ.

ಭಾವ: ನೀನು ಸುಮ್ಮನೆ ಬುಷ್ ಕೆರಿ.

(ಕೆಳಗೆ ವರ್ಕ್‌ಶಾಪು, ಮೇಲೆ ಮನೆ. ಕುರ್ಚಿ, ಸ್ಟೂಲು, ಊರುಗೋಲು, ಹೀಗೆ ನೆಲಕ್ಕೆ ಕಾಲೂರುವ ಎಲ್ಲದಕ್ಕೂ ಆ ವರ್ಕ್‌ಶಾಪಿನಲ್ಲಿ ರಬ್ಬರ್ ಬುಷ್ ತಯಾರಾಗುತ್ತದೆ. ಅಚ್ಚಿನಿಂದ ಬಂದ ಬುಷ್‌ಗಳ ರಾಶಿ ಮುಂದಿಟ್ಟುಕೊಂಡು, ಏಪ್ರನ್ ಕಟ್ಟಿದ ಅಕ್ಕ ಬ್ಲೇಡಿನಿಂದ ಅಂಚು ಕೆರೆಯುತ್ತಿದ್ದಾಳೆ. ಅವಳ ತಮ್ಮ ವಿರೋಧ ಪಕ್ಷದ ಮಾಹಿತಿ ವಿಭಾಗದವನು. ವಿಮಾನ ಖರೀದಿಗೆ ಸಹಿ ಬಿದ್ದಂದಿನಿಂದ ತಾನೂ ನಿದ್ದೆ ಮಾಡಿಲ್ಲ, ಬಂಧುಬಳಗಕ್ಕೂ ಮಾಡಗೊಟ್ಟಿಲ್ಲ.)

ತಮ್ಮ: ಒಂದು ವಿಮಾನ ಒಂದು ಗಂಟೆ ಹಾರೋ ಖರ್ಚಲ್ಲಿ ಒಂದು ಶಾಲೆ ವರ್ಷಪೂರ್ತಿ ನಡೆಯುತ್ತೆ. ಗೊತ್ತಾ ನಿಮಗೆ?

ಭಾವ: ಹಾಗಾದ್ರೆ ಹಾರಿಸೋದೇ ಬೇಡ. ನಿಂತಿರಲಿ. ಪೈಲಟ್ ದಿನಾ ಹತ್ತಿ ಇಳಿದ್ರೆ ಸಾಕು.

ತಮ್ಮ: ಹಾರದೆ ಹತ್ತಿ ಇಳಿಯೋದಾ?

ಭಾವ: ಹತ್ತೋದು ಮುಖ್ಯ. ಇಳಿಯೋದು ಅದಕ್ಕಿಂತ ಮುಖ್ಯ. ಹಾರೋದು ಅವರವರ ಇಷ್ಟ.

ತಮ್ಮ: ಅಕ್ಕ, ಭಾವನಿಗೆ ಏನಾಗಿದೆ? ಬಿಪಿ ಚೆಕ್ ಮಾಡಿಸಿದ್ಯಾ?

ಅಕ್ಕ: ಬಿಪಿ ಸರಿಯಾಗೇ ಇದೆ. ಪೋಸ್ಟಲ್ಲಿ ಒಂದು ಕಾಗದ ಬಂದಿದೆ, ಅಷ್ಟೇ.

ತಮ್ಮ: ಕಾಗದ ಆಮೇಲೆ. ನಿನ್ನೆ ಟಿವಿ ನೋಡಿದ್ರಾ? ನಮ್ಮ ನಾಯಕರು ಸಂಸತ್ತಲ್ಲಿ ಕೇಳಿದ ಪ್ರಶ್ನೆಗೆ ಮಂತ್ರಿ ಲೋಟ ನೀರು ಕುಡಿದ. ಆ ಪ್ರಶ್ನೆ ಬರೆದಿದ್ದು ನಾನು.

ಅಕ್ಕ: ನಿನ್ನೆ ಕರೆಂಟ್ ಇರ್ಲಿಲ್ಲ. ಏನಂತ ಬರೆದೆ?

(ತಮ್ಮ ಎದ್ದು ನಿಂತ. ಸಂಸತ್ತಿನ ಮಾತನ್ನು ಕೂತು ಹೇಳುವುದು ಅವನಿಗೆ ಒಗ್ಗದು.)

ತಮ್ಮ: ವಿಮಾನ ಮಾರೋ ಕಂಪನಿ, ಒಟ್ಟು ಬೆಲೆಯ ಮೂರನೇ ಒಂದು ಭಾಗದಷ್ಟು ಸಾಮಾನು ನಮ್ಮ ದೇಶದಲ್ಲೇ ಕೊಳ್ಳಬೇಕು. ಇದು ಒಪ್ಪಂದ. ಯಾರ ಹತ್ರ ಕೊಳ್ತಾರೆ ಅನ್ನೋ ಪಟ್ಟಿ ನೂರ ನಲವತ್ತು ಪುಟ ಇದೆ. ಮೂರು ದಿನ ಕೂತು ಓದಿದೆ. ನೂರ ಹನ್ನೆರಡನೇ ಪುಟದಲ್ಲಿ ಕಳ್ಳ ಸಿಕ್ಕಿಬಿದ್ದ. ಕಳ್ಳ ಅಲ್ಲ, ಕಳ್ಳಿ.

ಭಾವ: ಯಾರು?

ತಮ್ಮ: 'ಗಗನ ಪಾಲಿಮರ್ ಉದ್ಯಮ'. ಹೆಸರು ಕೇಳಿದ್ದೀರಾ? ಯಾರೂ ಕೇಳಿಲ್ಲ. ವಿಳಾಸದ ಜಾಗದಲ್ಲಿ ಬರೀ ಅಂಚೆ ಪೆಟ್ಟಿಗೆ ನಂಬರು. ಮಾಲೀಕರು ಒಬ್ಬ ಮಹಿಳೆ ಅಂತಷ್ಟೇ ಇದೆ, ಹೆಸರಿಲ್ಲ. ನಮ್ಮ ನಾಯಕರು ಕೈ ಎತ್ತಿ ಕೇಳಿದ್ರು, 'ಯಾರೀ ನಿಗೂಢ ಮಹಿಳೆ? ಯಾವ ಮಂತ್ರಿಗೆ ಆಪ್ತಳು?'

(ಭಾವನ ಪೇಪರ್ ಮೆಲ್ಲಗೆ ಮಡಿಲಿಗಿಳಿಯಿತು. ಅಕ್ಕನ ಬ್ಲೇಡು ನಿಂತಿತು.)

ಅಕ್ಕ: ಆಪ್ತಳು ಅಂದ್ರೆ ಯಾವ ಥರ ಆಪ್ತಳು?

ತಮ್ಮ: ಅದನ್ನ ಜನರ ಊಹೆಗೆ ಬಿಟ್ಟಿದ್ದೀವಿ. ಅದೇ ಅದರ ಚೆಂದ.

ಅಕ್ಕ: ಊಹೆಗೆ ಬಿಟ್ರಾ. ಒಳ್ಳೇ ಕೆಲಸ ಮಾಡಿದ್ರಿ.

ತಮ್ಮ: ಈಗ ಯಾವ ದೇಶದ ಯಾವ ದೊಡ್ಡ ಹೋಟೆಲಲ್ಲಿ ಕಾಲು ಚಾಚಿ ಕೂತಿದ್ದಾಳೋ ಆ ಹೆಂಗಸು.

ಅಕ್ಕ: ಇಲ್ಲಪ್ಪ. ಹರಿದ ಏಪ್ರನ್ ಕಟ್ಕೊಂಡು ಬುಷ್ ಕೆರೀತಾ ಕೂತಿದ್ದಾಳೆ.

(ತಮ್ಮ ಮೊದಲು ನಕ್ಕ. ಇನ್ನಿಬ್ಬರು ನಗಲಿಲ್ಲ. ಅವನ ನಗು ಅರ್ಧ ದಾರಿಯಲ್ಲೇ ದಿಕ್ಕು ತಪ್ಪಿತು.)

ತಮ್ಮ: ಇದು ಕುರ್ಚಿಕಾಲು ವರ್ಕ್‌ಶಾಪಲ್ವಾ? ಎಲ್ಲರೂ ಹಾಗೇ ತಾನೇ ಅನ್ನೋದು?

ಭಾವ: ನೋಂದಣಿ ಆಫೀಸಲ್ಲಿ ಕುರ್ಚಿಕಾಲು ಅಂತ ಬರೆಸೋಕಾಗುತ್ತೇನೋ? ಆಗ ಮಷಿನ್ನು ತಾರಸಿ ಮೇಲಿತ್ತು. ತಲೆ ಎತ್ತಿದ್ರೆ ಆಕಾಶ. ಗಗನ ಅಂದ್ವಿ.

ತಮ್ಮ: ಅಕ್ಕನ ಹೆಸರಲ್ಲಿ ಯಾಕೆ?

ಭಾವ: ಹೆಂಗಸರ ಹೆಸರಲ್ಲಿದ್ರೆ ಕರೆಂಟ್ ಬಿಲ್ಲು ಕಡಿಮೆ.

(ತಮ್ಮ ಕೂತ. ಕೂತದ್ದು ಬುಷ್ ರಾಶಿಯ ಮೇಲೆ ಎಂಬುದೂ ಅವನಿಗೆ ತಿಳಿಯಲಿಲ್ಲ.)

ತಮ್ಮ: ಯುದ್ಧವಿಮಾನಕ್ಕೆ ನೀವು ಏನು ಮಾಡಿಕೊಡ್ತೀರಿ?

ಭಾವ: ಪೈಲಟ್ ವಿಮಾನ ಹತ್ತೋಕೆ ಏಣಿ ಬೇಕು. ಏಣಿಗೆ ಎರಡು ಕಾಲು. ಕಾಲಿಗೆ ನಮ್ಮ ಬುಷ್ಷು. ಏಣಿ ಜಾರಿದ್ರೆ ಪೈಲಟ್ ಕೆಳಗೆ. ಪೈಲಟ್ ಕೆಳಗಿದ್ರೆ ವಿಮಾನ ಮೇಲೆ ಹೋಗುತ್ತಾ? ದೇಶದ ರಕ್ಷಣೆ ಎಲ್ಲಿಂದ ಶುರು ಅಂತ ನೀನೇ ಹೇಳು.

ತಮ್ಮ: ಒಟ್ಟು ಎಪ್ಪತ್ತೆರಡು ಬುಷ್ಷು?

ಭಾವ: ಸವೆದ್ರೆ ಮತ್ತೆ ಆರ್ಡರು. ಅದಕ್ಕೇ ದಿನಾ ಹತ್ತಿ ಇಳೀಬೇಕು ಅಂದಿದ್ದು.

(ತಮ್ಮ ಚೀಲದಿಂದ ನೂರ ಹನ್ನೆರಡನೇ ಪುಟ ತೆಗೆದ. ಅದರಲ್ಲಿ ಕೆಂಪು ಗೆರೆ, ನೀಲಿ ಗೆರೆ, ಅಂಚಿನಲ್ಲಿ ಮೂರು ಪ್ರಶ್ನಾರ್ಥಕ ಚಿಹ್ನೆ.)

ತಮ್ಮ: ಇಲ್ಲಿ ಬುಷ್ ಅಂತ ಇಲ್ವಲ್ಲ. 'ಭೂಸ್ಪರ್ಶ ಸ್ಥಿರತಾ ಘಟಕ' ಅಂತ ಇದೆ. ನಾವು ರಾಡಾರ್ ಅಂದ್ಕೊಂಡಿದ್ವಿ. ಬೆಲೆಯೂ ಹಾಗೇ ಇದೆ.

ಅಕ್ಕ: ಎಷ್ಟಿದೆ?

ತಮ್ಮ: ಒಂದೊಂದಕ್ಕೆ ಒಂದು ಹೊಸ ಸ್ಕೂಟರಿನಷ್ಟು.

(ಅಕ್ಕ ಎದ್ದು ಬಂದು ಆ ಸಾಲನ್ನು ಎರಡು ಸಲ ಓದಿದಳು. ಆಮೇಲೆ ಕಪಾಟಿನಿಂದ ತಮಗೆ ಬಂದ ಆರ್ಡರ್ ಕಾಗದ ತಂದು ಪಕ್ಕದಲ್ಲಿಟ್ಟಳು.)

ಅಕ್ಕ: ನಮಗೆ ಒಂದು ಬುಷ್‌ಗೆ ಕೊಡ್ತೀವಿ ಅಂದಿರೋದು ಒಂದು ಪ್ಲೇಟ್ ಊಟದ ದುಡ್ಡು. ಹಾಗಾದ್ರೆ ಈ ಸ್ಕೂಟರು ಓಡಿಸ್ತಿರೋದು ಯಾರು?

ತಮ್ಮ: ಅಕ್ಕ, ಇದೇ ನೋಡು ನಿಜವಾದ ಹಗರಣ. ನೀನೇ ಸಾಕ್ಷಿ. ಈಗಲೇ ಹೊರಡು, ನಾಯಕರ ಹತ್ರ ಹೋಗೋಣ.

ಅಕ್ಕ: ನಿನ್ನೆ ಆಪ್ತಳು, ಇವತ್ತು ಸಾಕ್ಷಿ. ನಿಮ್ಮ ಪಕ್ಷದಲ್ಲಿ ಬಡ್ತಿ ಬೇಗ ಸಿಗುತ್ತೆ.

ಭಾವ: ಯಾರೂ ಎಲ್ಲೂ ಹೋಗೋದು ಬೇಡ. ಕೊಟ್ಟಷ್ಟು ಕೊಡಲಿ. ಯುದ್ಧವಿಮಾನಕ್ಕೆ ಮಾಲು ಕೊಡೋ ವರ್ಕ್‌ಶಾಪ್ ಅಂದ್ರೆ ಮಾರ್ಕೆಟ್ಟಲ್ಲಿ ಒಂದು ತೂಕ ಇರುತ್ತೆ.

(ತಮ್ಮನ ಫೋನು ರಿಂಗಾಯಿತು. ನಾಯಕರದು. ಅವನು ಎದ್ದು ನಿಂತೇ ಕೇಳಿಸಿಕೊಂಡ. 'ಹೌದು ಸರ್' ಆರು ಸಲ, 'ಆದರೆ ಸರ್' ಒಂದು ಸಲ. ಫೋನು ಇಟ್ಟ.)

ಅಕ್ಕ: ಏನಂತೆ?

ತಮ್ಮ: ಹೊಸ ವಿಮಾನಗಳ ನೆಲೆ ನಮ್ಮ ನಾಯಕರ ಕ್ಷೇತ್ರಕ್ಕೆ ಬರುತ್ತಂತೆ. ಬೆಳಿಗ್ಗೆ ಮಂತ್ರಿಗಳೇ ಮನೆಗೆ ಬಂದು ಹೇಳಿದ್ರಂತೆ. ಆದ್ದರಿಂದ ವಿಮಾನಗಳು ತಾತ್ವಿಕವಾಗಿ ಒಳ್ಳೆಯವು ಅಂತ ತೀರ್ಮಾನ ಆಗಿದೆ.

ಭಾವ: ಎಷ್ಟು ಹೊತ್ತಿಂದ ಒಳ್ಳೆಯವು?

ತಮ್ಮ: ಒಂಬತ್ತೂಕಾಲಿಂದ.

ಭಾವ: ಬಾ, ಕೂತ್ಕೋ. ಅಂತೂ ಒಂದೇ ಮನೆಯವರು ಒಂದೇ ಕಡೆ ಬಂದ್ವಿ. ನೂರು ತಗೋಬೇಕಿತ್ತು ಅಂದೆನಲ್ಲ.

ಅಕ್ಕ: ಮತ್ತೆ ಆ ನಿಗೂಢ ಮಹಿಳೆ?

ತಮ್ಮ: ಅವಳ ಬಗ್ಗೆ ಇನ್ನು ಮಾತಾಡಬಾರದಂತೆ. ಹೇಳಿದ್ದನ್ನ ವಾಪಸ್ ತಗೊಳ್ಳೋದೂ ಇಲ್ಲವಂತೆ. ಹಾಗೇ ಬಿಟ್ಟುಬಿಡೋದಂತೆ.

ಅಕ್ಕ: ಹಾಗೇ ಅಂದ್ರೆ, ಆಪ್ತಳಾಗೇ?

(ಕೆಳಗೆ ವಾಹನ ನಿಂತ ಸದ್ದಾಯಿತು. ಭಾವ ಕಿಟಕಿಯಿಂದ ಬಗ್ಗಿ ನೋಡಿದ. ಮೇಲೆ ದೊಡ್ಡ ತಟ್ಟೆ ಹೊತ್ತ ಟಿವಿ ವ್ಯಾನು. ಮೂರು ದಿನ ಪಟ್ಟಿ ಓದುವ ಬದಲು ಅವರು ಅಂಚೆ ಪೆಟ್ಟಿಗೆ ಯಾರದೆಂದು ಪೋಸ್ಟ್‌ಮ್ಯಾನನ್ನು ಕೇಳಿದ್ದರು.)

ತಮ್ಮ: ಅಕ್ಕ, ಹಿಂದಿನ ಮೆಟ್ಟಿಲಿಂದ ಇಳಿದುಬಿಡು. ನಾನು ಏನಾದ್ರೂ ಹೇಳಿ ಕಳಿಸ್ತೀನಿ.

ಅಕ್ಕ: ನೀನು ಹೇಳಿದ್ದು ಸಾಕಾಗಿದೆ.

ಭಾವ: ಬಾಯಿ ಬಿಟ್ರೆ ಆರ್ಡರ್ ಹೋಗುತ್ತೆ ಕಣೇ.

ಅಕ್ಕ: ಹೋಗಲಿ ರೀ. ಹನ್ನೆರಡು ವರ್ಷ ಆ ಬಿಸಿ ಅಚ್ಚಿನ ಮುಂದೆ ನಿಂತಿದ್ದೀನಿ. ಕೈ ನೋಡಿ, ಎಷ್ಟು ಕಡೆ ಸುಟ್ಟಿದೆ. ನಾಳೆ ಬೀದಿಯಲ್ಲಿ ಹೋದ್ರೆ ಜನ ಈ ಕೈ ನೋಡ್ತಾರಾ, ಆ ಮಾತು ನೆನೆಸ್ಕೋತಾರಾ?

(ಭಾವ ಅವಳ ಕೈ ನೋಡಿದ. ಆಮೇಲೆ ರಾಶಿಯಿಂದ ಅಂಚು ನುಣ್ಣಗಾದ ಒಂದು ಬುಷ್ ಆರಿಸಿ ಕೊಟ್ಟ.)

ಭಾವ: ಇದನ್ನ ತಗೊಂಡು ಹೋಗು. ನಿನ್ನ ಕೈಲಿರೋದು ಸರಿಯಾಗಿ ಕೆರೆದಿಲ್ಲ, ಟಿವಿಯಲ್ಲಿ ಕಾಣುತ್ತೆ.

(ಮೂವರೂ ಇಳಿದರು. ಮೈಕ್ ಹಿಡಿದ ವರದಿಗಾರ್ತಿ ಅಕ್ಕನ ಏಪ್ರನ್ನು ನೋಡಿ, ಅವಳನ್ನು ದಾಟಿ ಒಳಗೆ ಇಣುಕಿದಳು.)

ವರದಿಗಾರ್ತಿ: ಮೇಡಮ್ಮನ್ನ ಕರೀತೀರಾ? ಆ ನಿಗೂಢ ಮಹಿಳೆ?

ಅಕ್ಕ: ನಾನೇ. ಮಂತ್ರಿಗಳನ್ನ ನಾನು ಟಿವಿಯಲ್ಲಿ ಮಾತ್ರ ನೋಡಿದ್ದೀನಿ, ಅದೂ ಕರೆಂಟ್ ಇದ್ದಾಗ. ಇದು ಏಣಿ ಕಾಲಿನ ಬುಷ್ಷು. ಇದು ನಮಗೆ ಹೇಳಿದ ಬೆಲೆ, ಇದು ಪಟ್ಟಿಯಲ್ಲಿರೋ ಬೆಲೆ. ಕ್ಯಾಮೆರಾದವರು ಸ್ವಲ್ಪ ಹತ್ತಿರ ಬರಲಿ, ಅಕ್ಷರ ಚಿಕ್ಕದಿದೆ.

(ಅಷ್ಟು ಹೇಳಲು ಒಂದೂವರೆ ನಿಮಿಷ ಹಿಡಿಯಿತು. ಸಂಜೆಯೊಳಗೆ ಅದನ್ನು ಇಡೀ ದೇಶ ನೋಡಿತ್ತು. ನಾಲ್ಕನೇ ದಿನ ರಕ್ಷಣಾ ರಹಸ್ಯ ಬಯಲು ಮಾಡಿದ ಕಾರಣಕ್ಕೆ ಆರ್ಡರ್ ರದ್ದಾಯಿತು. ಬುಷ್‌ಗಳನ್ನು ಹೊರದೇಶದಿಂದಲೇ ತರಿಸುವುದೆಂದು, ಅದಕ್ಕಾಗಿ ವಿಮಾನದ ಬೆಲೆ ಸ್ವಲ್ಪ ಏರುವುದೆಂದು ಪ್ರಕಟಣೆ ಬಂತು. ಆರನೇ ದಿನ ಸರ್ಕಾರ ಹದಿನೇಳು ಮಂದಿಯ ತನಿಖಾ ಸಮಿತಿ ಮಾಡಿತು. ಅಧ್ಯಕ್ಷರಾಗಿ ತಮ್ಮನ ನಾಯಕರೇ ನೇಮಕವಾದರು. ಹತ್ತನೇ ದಿನ ತಮ್ಮ ಬಂದು ವರ್ಕ್‌ಶಾಪಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತ. ಅಲ್ಲಿ ಯಾರೂ ಚಪ್ಪಲಿ ಬಿಡುವುದಿಲ್ಲ.)

ತಮ್ಮ: ಅಕ್ಕ, ಆ ಮಾತು ಬರೆದಿದ್ದು ತಪ್ಪಾಯ್ತು.

ಅಕ್ಕ: ನಾನು ನಿನ್ನ ಅಕ್ಕ ಅಂತ ತಪ್ಪಾಯ್ತಾ, ಬೇರೆ ಹೆಂಗಸಾಗಿದ್ರೂ ತಪ್ಪಾಗ್ತಿತ್ತಾ?

ತಮ್ಮ: ಯಾರಾಗಿದ್ರೂ.

ಅಕ್ಕ: ಚಪ್ಪಲಿ ಹಾಕ್ಕೋ. ನೆಲದ ಮೇಲೆ ತಂತಿ ಚೂರಿದೆ. ಟೀ ಕುಡೀತೀಯಾ?

ಭಾವ: ಟೀ ಕೊಡು, ಆದರೆ ಮಾಡಿಟ್ಟ ಎಪ್ಪತ್ತೆರಡು ಬುಷ್ಷನ್ನ ಏನು ಮಾಡೋದು ಅಂತ ಅವನನ್ನೇ ಕೇಳು. ಆ ಅಳತೆಯ ಕಾಲು ಪೇಟೆಯಲ್ಲಿ ಯಾವ ಸ್ಟೂಲಿಗೂ ಇಲ್ಲ.

(ತಮ್ಮ ಜೇಬಿನಿಂದ ಒಂದು ಚೀಟಿ ತೆಗೆದ. ಬಂದ ಕೆಲಸ ಇನ್ನೊಂದಿತ್ತು.)

ತಮ್ಮ: ಸಮಿತಿಗೆ ಹೊಸ ಕಬ್ಬಿಣದ ಕುರ್ಚಿ ತರಿಸಿದ್ದಾರೆ. ಒಬ್ಬರು ಅಲುಗಾಡಿದ್ರೆ ಸಾಕು, ಕಲ್ಲಿನ ನೆಲದ ಮೇಲೆ ಕಿರ್ ಅನ್ನುತ್ತೆ. ಕಾಲು ಅಳತೆ ತಂದಿದ್ದೀನಿ ಭಾವ, ನೋಡಿ, ಈ ಬುಷ್ಷೇ ಸರಿಹೋಗುತ್ತೆ.

ಭಾವ: ಹದಿನೇಳು ಕುರ್ಚಿಗೆ ಅರವತ್ತೆಂಟು. ನಾಲ್ಕೇ ಉಳಿಯೋದು. ಇವತ್ತೇ ಕಟ್ಟಿಕೊಡ್ತೀನಿ.

ಅಕ್ಕ: ಒಂದೂ ಕೊಡೋದಿಲ್ಲ.

ಭಾವ: ಯಾಕೇ? ಕುರ್ಚಿ ಸದ್ದು ಮಾಡುತ್ತಂತೆ.

ಅಕ್ಕ: ಮಾಡಲಿ ಬಿಡಿ. ಆ ಸಮಿತಿಯಿಂದ ಅಷ್ಟಾದ್ರೂ ಸದ್ದು ಹೊರಗೆ ಬರಲಿ.