ಹಳೇ ಕಂಪ್ಯೂಟರಿನೊಳಗೆ ನಮ್ಮ ಬೀದಿ

ನಾನು ಹುಟ್ಟಾ ಅಂಜುಬುರುಕ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಅಂತ ಬಸ್‌ಸ್ಟ್ಯಾಂಡಿನವರೆಗೆ ಹೋದವನು ವಾಪಸ್ ಬರುವ ಜಾತಿ. ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡುವ ನನ್ನನ್ನು ಕಂಡು "ಅದು ಕಿತ್ಕೊಂಡು ಬಂದ್ರೇನೇ ನಿಮಗೆ ಸಮಾಧಾನ" ಅನ್ನುತ್ತಾಳೆ ಹೆಂಡತಿ ಸರೋಜ. ಇಂಥ ನಾನು ಹೋದ ತಿಂಗಳು ಚಳ್ಳಕೆರೆಯ ಒಂದು ಅಂಗಡಿಗೆ ಹಳೇ ಕಂಪ್ಯೂಟರ್ ಕೊಟ್ಟು ಹೊಸದು ತಂದು, ಎರಡು ದಿನ ನೆಮ್ಮದಿಯಾಗಿದ್ದೆ. ನನಗೆ ನೆಮ್ಮದಿಯಾಗಿದೆ ಅಂದರೆ ಎಲ್ಲೋ ಏನೋ ಮರೆತಿದ್ದೇನೆ ಅಂತಲೇ ಅರ್ಥ.

ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆಯ ಅಂಚು, ಸೆರಗಿಗೆ ಕಂಪ್ಯೂಟರಿನಲ್ಲಿ ಡಿಸೈನ್ ಬರೆಯುವುದು ನನ್ನ ಕಸುಬು. ಬೀದಿಗೆಲ್ಲ ಪ್ರಿಂಟರ್ ಇರುವುದು ನಮ್ಮ ಮನೆಯಲ್ಲೊಂದೇ. ಹೀಗಾಗಿ ಸರ್ಕಾರ ನೇಕಾರರಿಂದ ಅರ್ಜಿ ಕರೆದಾಗಲೆಲ್ಲ ಮನೆಮನೆಯವರೂ ಆಧಾರ್, ಪಾಸ್‌ಬುಕ್ಕು, ಫೋಟೋ ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದರು. ಎದುರು ಮನೆಯ ಲಕ್ಷ್ಮಕ್ಕ ಮೊಣಕಾಲಿನ ಎಕ್ಸ್‌ರೇಯನ್ನೂ ತಂದಿದ್ದಳು. ಇದ್ಯಾಕಕ್ಕ ಅಂದರೆ, "ಉಂಡನೀಲೇ ನಾಯನಾ, ಇರ್ಲಿ ಬಿಡು, ಯಾತಕ್ಕಾದ್ರೂ ಬರ್ತೈತೆ" ಅಂದಳು ತನ್ನ ತೆಲುಗು ಬೆರೆಸಿ. ಅದನ್ನೂ ಸ್ಕ್ಯಾನ್ ಮಾಡಿಟ್ಟೆ. ಹತ್ತು ವರ್ಷದಲ್ಲಿ ಇಡೀ ಬೀದಿಯೇ ಆ ಡಬ್ಬದೊಳಗೆ ಕೂತುಬಿಟ್ಟಿತ್ತು.

ಹಾಗಂತ ಹಾಗೇ ಕೊಟ್ಟುಬಿಡಲಿಲ್ಲ ನಾನು. ನಮ್ಮ ತಾತ ಹಳೇ ಮಗ್ಗ ಮಾರುವಾಗ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಸೀರೆಯ ಹೂವು ಮೂಡಿಸುವ ತೂತಿನ ರಟ್ಟುಗಳನ್ನು ಸಾಲಾಗಿ ದಾರದಲ್ಲಿ ಪೋಣಿಸಿರುತ್ತಾರಲ್ಲ, ಆ ದಾರ ಕತ್ತರಿಸಿ, ರಟ್ಟುಗಳನ್ನೆಲ್ಲ ಕಲಸಿಯೇ ಕೊಡುತ್ತಿದ್ದರು. ಸಾಲು ತಪ್ಪಿದ ಮೇಲೆ ಆ ಹೂವನ್ನು ಇನ್ನೊಬ್ಬ ನೇಯಲಾರ. "ರಟ್ಟು ಅವರದ್ದು, ಹೂವು ನಮ್ಮದು" ಅನ್ನೋರು. ನಾನೂ ತಾತನ ಮೊಮ್ಮಗನೇ ತಾನೆ? ಫೋಲ್ಡರುಗಳನ್ನೆಲ್ಲ ಡಿಲೀಟ್ ಮಾಡಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ, ದಾರ ಕತ್ತರಿಸಿದೆ ಅಂತ ಬೀಗಿಕೊಂಡು ಕೊಟ್ಟು ಬಂದಿದ್ದೆ.

ಮೂರನೇ ದಿನ ಕ್ಷೌರಕ್ಕೆ ಕೂತು ಇದನ್ನೇ ಬಡಾಯಿ ಕೊಚ್ಚುತ್ತಿದ್ದಾಗ, ಸರದಿಗೆ ಕಾಯುತ್ತಿದ್ದ ಹೈಸ್ಕೂಲ್ ಮೇಷ್ಟ್ರು ಪೇಪರಿನಿಂದ ತಲೆ ಎತ್ತದೆ ಅಂದರು: "ಡಿಲೀಟ್ ಮಾಡಿದ್ರೆ ಏನೂ ಹೋಗಲ್ಲ ಕಣ್ರಿ. ಮೇಲಿನ ಚೀಟಿ ಹೋಗ್ತೈತೆ ಅಷ್ಟೇ. ಸರಕು ಅಲ್ಲೇ ಇರ್ತೈತೆ, ಗೊತ್ತಿದ್ದೋರು ತೆಗೀತಾರೆ." ಅಂದರೆ ನಾನು ದಾರ ಕತ್ತರಿಸಿಯೇ ಇರಲಿಲ್ಲ, ರಟ್ಟಿನ ಕಟ್ಟಿನ ಮೇಲಿನ ಹೆಸರು ಕಿತ್ತು ಬಿಸಾಕಿದ್ದೆ. ಬಲಗಡೆ ಕಟಿಂಗ್ ಆಗಿತ್ತು, ಎಡಗಡೆ ಆಗಿರಲಿಲ್ಲ. ಹಾಗೇ ಎದ್ದು ಚಳ್ಳಕೆರೆ ಬಸ್ಸು ಹತ್ತಿದೆ.

ದಾರಿಯುದ್ದಕ್ಕೂ, ಬಸ್ಸಿನಲ್ಲಿ ಫೋನು ಹಿಡಿದವರೆಲ್ಲ ಲಕ್ಷ್ಮಕ್ಕನ ಹೆಸರಲ್ಲಿ ಸಾಲ ಎತ್ತುತ್ತಿದ್ದಾರೆ ಅನ್ನಿಸಿತು. ನಂದು ಹೋದರೆ ಹೋಗಲಿ. ನಂಬಿ ಕೊಟ್ಟವರದು ಹೋದರೆ ಆ ಬೀದಿಯಲ್ಲಿ ಮುಖ ಎತ್ತಿ ಹೇಗೆ ಓಡಾಡಲಿ? ಅಂಗಡಿಯ ರಹೀಮ್ ಸಾಬರು ನನ್ನ ತಲೆಯನ್ನು ಎರಡೂ ಕಡೆಯಿಂದ ನೋಡಿ, "ಫಿಕರ್ ಮಾಡಬ್ಯಾಡ್ರಿ, ನಿಮ್ಮ ಮಾಲು ಇನ್ನೂ ಮೂಲೇಲೇ ಐತೆ" ಅಂದರು. ಅಳಿಸಿದ್ದು ಸಿಗುತ್ತದೋ ನೋಡೋಣ ಅಂತ ವೈರು ಸಿಕ್ಕಿಸಿ ಏನೋ ಒಂದು ಪ್ರೋಗ್ರಾಂ ಓಡಿಸಿದರು. ಹತ್ತೇ ನಿಮಿಷಕ್ಕೆ ಪರದೆ ಮೇಲೆ ಲಕ್ಷ್ಮಕ್ಕನ ಮೊಣಕಾಲು ಬಂತು. ಹಿಂದೆಯೇ ಸಾಲಾಗಿ ಮುಖಗಳು.

"ಯಾರ್ರೀ ಇವರೆಲ್ಲ?" ಅಂದರು ಸಾಬರು.

"ನಮ್ಮ ಬೀದಿ" ಅಂದೆ.

"ಡಿಸ್ಕ್ ತುಂಬ ಸೊನ್ನೆ ಬರೆಸ್ತೀನಿ. ಆಮೇಲೆ ಯಾರಪ್ಪ ಬಂದ್ರೂ ತೆಗೆಯೋಕಾಗಲ್ಲ. ಮೂರು ತಾಸು ಹಿಡೀತೈತೆ, ಊಟ ಮಾಡ್ಕೊಂಡು ಬರ್ರಿ." ನಾನು ಏಳಲಿಲ್ಲ. ಹೆರಿಗೆ ಕೋಣೆಯ ಮುಂದೆ ಕೂತವನ ಹಾಗೆ ಸ್ಟೂಲಿನ ಮೇಲೆ ಕೂತು, ಶೇಕಡಾ ಒಂದರಿಂದ ನೂರರವರೆಗೆ ನೋಡಿದೆ. ಮುಗಿದ ಮೇಲೆ ಸಾಬರು ಮತ್ತೆ ಹುಡುಕಿ ತೋರಿಸಿದರು. ಏನೂ ಇರಲಿಲ್ಲ. ಅವರ ಕೈ ಹಿಡಿದುಕೊಂಡೆ.

ಊರಿಗೆ ಬಂದು ಇಳಿದಾಗ ಸಂಜೆ. ಬೆಳಗಿನಿಂದ ಖಾಲಿ ಹೊಟ್ಟೆ. ಬಸ್‌ಸ್ಟ್ಯಾಂಡಿನ ತಿಪ್ಪಕ್ಕನ ಗಾಡಿಯಲ್ಲಿ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡೆ. ಎರಡನೇ ಮಿರ್ಚಿ ಎತ್ತಿದೆ. ಕೆಳಗೆ ಎಣ್ಣೆಯಲ್ಲಿ ನೆನೆದ ಲಕ್ಷ್ಮಕ್ಕ, ಆಧಾರ್ ನಂಬರಿನ ಸಮೇತ. ಮೂಲೆಯಲ್ಲಿ ನನ್ನದೇ ಅಕ್ಷರ: ಮಸುಕಾಗಿದೆ, ಇನ್ನೊಂದು ತೆಗೆಯಬೇಕು.

"ಈ ಕಾಗದ ಎಲ್ಲಿಂದ ಬಂತಕ್ಕ?"

"ನೀವೇ ಕೊಟ್ರಲ್ರಿ, ಹೊಸ ಕಂಪ್ಯೂಟರಿಗೆ ಜಾಗ ಮಾಡುವಾಗ, ಒಂದು ಚೀಲ. ಒಳ್ಳೇ ಕಾಗದ, ಎಣ್ಣೆ ಚೆನ್ನಾಗಿ ಹೀರ್ತೈತೆ."

ಚೀಲದಲ್ಲಿ ಅರ್ಧ ಉಳಿದಿತ್ತು. ಮನೆಯ ಹಳೇ ನ್ಯೂಸ್‌ಪೇಪರೆಲ್ಲ ಬದಲಿಗೆ ತಂದು ಸುರಿದು, ಅದನ್ನು ಬಿಡಿಸಿಕೊಂಡು ಹೋಗಿ ಹಿತ್ತಲಲ್ಲಿ ಸುಟ್ಟೆ. ಹೋದ ಅರ್ಧಕ್ಕೆ ಸೊನ್ನೆ ಬರೆಸುವ ಯಂತ್ರ ಯಾವ ಸಾಬರ ಹತ್ತಿರವೂ ಇಲ್ಲ. ಆವತ್ತಿನಿಂದ ದಿನಾ ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ತಿರುಗುತ್ತೇನೆ. ಯಾರಾದರೂ ಮಿರ್ಚಿ ತಿಂದು ಕಾಗದ ಎಸೆದರೆ ಎತ್ತಿ, ಬಿಡಿಸಿ, ನೋಡಿ ಜೇಬಿಗೆ ಹಾಕುತ್ತೇನೆ. ನಿನ್ನೆ ಹಾಗೆ ಬಗ್ಗಿದ್ದಾಗ ಲಕ್ಷ್ಮಕ್ಕ ನೋಡಿಬಿಟ್ಟಳು. ಅವಳ ಕಣ್ಣು ತುಂಬಿ ಬಂತು. "ಇಷ್ಟು ಹಸಿವಾಗಿದ್ರೆ ನಮ್ಮನೆಗೆ ಬರಬಾರದಾ ನಾಯನಾ" ಅಂತ ಒಂದು ಪ್ಲೇಟ್ ಮಿರ್ಚಿ ಕೊಡಿಸಿ ಪಕ್ಕದಲ್ಲೇ ಕೂತಳು. ಎಲ್ಲ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಮಿರ್ಚಿ ಬಿಸಿಯಾಗಿತ್ತು, ತಿಂದೆ.